ಪಿಂಚಣಿದಾರನ ಹೊಸ್ತಿಲು, ಸೇನೆಯ ಅಧಿಕಾರ

ಕುಂದಗೋಳದಲ್ಲಿ ಪಿಂಚಣಿಯ ಮೇಲೆ ಬದುಕುವ ಮಾಜಿ ಸೈನಿಕನೊಬ್ಬನನ್ನು, ಸೇವೆಯಲ್ಲಿದ್ದಾಗ ಎಸಗಿದ ಅಪರಾಧಕ್ಕಾಗಿ ಸೇನೆ ವಶಕ್ಕೆ ಪಡೆಯಬಹುದು. ಅವನ ಮನೆಯ ಟ್ರಂಕು ತೆರೆಸುವ ಸ್ವಂತ ಅಧಿಕಾರ ಮಾತ್ರ ಅದಕ್ಕಿಲ್ಲ. ಕಾಯ್ದೆಯ ಲೋಪದಂತೆ ಕಾಣುವ ಈ ಅಂತರ ಇರಬೇಕಾದದ್ದೇ ಎಂಬುದು ನನ್ನ ವಾದ. 1950ರ ಸೇನಾ ಕಾಯ್ದೆಯ 123ನೇ ಕಲಮು ಸೇವೆ ಮುಗಿಸಿದವನನ್ನೂ ಕೋರ್ಟ್ ಮಾರ್ಷಲ್ ಮುಂದೆ ನಿಲ್ಲಿಸುತ್ತದೆ. ಸೇವೆ ಬಿಟ್ಟ ಆರು ತಿಂಗಳೊಳಗೆ ವಿಚಾರಣೆ ಶುರುವಾಗಬೇಕೆಂದು ಮೊದಲು ಇತ್ತು. 1992ರ ತಿದ್ದುಪಡಿ ಅದನ್ನು ಮೂರು ವರ್ಷಕ್ಕೆ ಹಿಗ್ಗಿಸಿತು. ಸೇನೆಯಿಂದ ಓಡಿಹೋದವರಿಗೆ, ದಂಗೆಯೆದ್ದವರಿಗೆ ಆ ಮಿತಿಯೂ ಇಲ್ಲ. ವಿಚಾರಣೆಯ ಅಧಿಕಾರ ಹೀಗೆ ಬೆಳೆದರೂ ಮನೆ ಶೋಧದ ಅಧಿಕಾರ ಅದರ ಜೊತೆ ಬೆಳೆಯಲಿಲ್ಲ. 107ನೇ ಕಲಮು ಪ್ರೊವೋಸ್ಟ್ ಮಾರ್ಷಲ್‌ಗೆ ಕೊಡುವುದು ಕಾಯ್ದೆಗೆ ಒಳಪಟ್ಟವರನ್ನು ಬಂಧಿಸುವ ಅಧಿಕಾರ. ಆರೋಪಿ ಊರಲ್ಲಿದ್ದರೆ 104ನೇ ಕಲಮಿನಂತೆ ಕಮಾಂಡಿಂಗ್ ಅಧಿಕಾರಿ ಲಿಖಿತ ಮನವಿ ಕಳಿಸಬೇಕು. ಹಿಡಿದುಕೊಡಲು ನೆರವಾಗುವವರು ಪೊಲೀಸರು ಇಲ್ಲವೇ ಮ್ಯಾಜಿಸ್ಟ್ರೇಟರು.

ಸೈನಿಕನಾಗಿ ಸೇರಿದವನು ಶಿಸ್ತನ್ನು ಒಪ್ಪಿಕೊಂಡೇ ಸೇರಿದ್ದಾನಲ್ಲ, ಪಿಂಚಣಿಯನ್ನೂ ಉಣ್ಣುತ್ತಿದ್ದಾನಲ್ಲ ಎಂಬ ಆಕ್ಷೇಪವಿದೆ. ಬ್ಯಾರಕ್ಕಿನಲ್ಲಿ ಪೆಟ್ಟಿಗೆ ತಪಾಸಣೆ ದಿನಚರಿಯ ಭಾಗ, ನಿಜ. ಆದರೆ ಸಂವಿಧಾನದ 33ನೇ ವಿಧಿ ಹಕ್ಕು ಮೊಟಕುಗೊಳಿಸಲು ಬಿಡುವುದು ಸಶಸ್ತ್ರ ಪಡೆಗಳ ಸದಸ್ಯರ ವಿಷಯದಲ್ಲಿ. ಸಮವಸ್ತ್ರ ಕಳಚಿದವನು ಆ ಮಾತಿಗೆ ಸೇರುವುದು ಕಷ್ಟ. ಪಿಂಚಣಿ ಮಾಡಿದ ಸೇವೆಗೆ ಸಲ್ಲುವ ಹಣ, ಮನೆಯ ಬೀಗದ ಕೈ ಅಲ್ಲ. ಅಮೆರಿಕದಲ್ಲಿ ಸೇವೆ ಬಿಟ್ಟು ಐದು ತಿಂಗಳಾಗಿದ್ದ ರಾಬರ್ಟ್ ಟೋಥ್‌ನನ್ನು ಮಿಲಿಟರಿ ಪೊಲೀಸರು ಕೋರ್ಟ್ ಮಾರ್ಷಲ್‌ಗಾಗಿ ಪಿಟ್ಸ್‌ಬರ್ಗ್‌ನಿಂದ ಕೊರಿಯಾಕ್ಕೇ ಒಯ್ದಿದ್ದರು. 1955ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ನಮ್ಮ 123ನೇ ಕಲಮಿನ ದಾರಿ ಇದಕ್ಕೆ ವಿರುದ್ಧ. ಹಾಗಾಗಿಯೇ ಇಲ್ಲಿ ಹೊಸ್ತಿಲಿನ ತಡೆ ಹೆಚ್ಚು ಬೇಕು.

ವಾರಂಟ್ ತರುವಷ್ಟರಲ್ಲಿ ರಹಸ್ಯ ಕಾಗದ ಒಲೆ ಸೇರಿದರೆ? ಇದು ಗಟ್ಟಿ ಪ್ರಶ್ನೆ, ಆದರೆ ಉತ್ತರ 1923ರಿಂದಲೇ ಇದೆ. ಅಧಿಕೃತ ರಹಸ್ಯಗಳ ಕಾಯ್ದೆಯ 11ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಶೋಧನಾ ವಾರಂಟ್ ಕೊಡಬಹುದು. ತೀರಾ ತುರ್ತಿದ್ದರೆ ಜಿಲ್ಲಾ ಎಸ್ಪಿಯ ಲಿಖಿತ ಆದೇಶವೇ ಸಾಕು. 1983ರ ಲಾರ್ಕಿನ್ಸ್ ಗೂಢಚರ್ಯೆ ಪ್ರಕರಣದಲ್ಲಿ ಆರೋಪಿಗಳು ನಿವೃತ್ತ ಹಿರಿಯ ಸೇನಾಧಿಕಾರಿಗಳು. ಅವರನ್ನೂ ಶಿಕ್ಷಿಸಿದ್ದು ಇದೇ ಕಾಯ್ದೆಯಡಿ ಸಾಮಾನ್ಯ ನ್ಯಾಯಾಲಯ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ ಊರಿನ ಇಬ್ಬರು ಪಂಚರ ಜೊತೆಗೆ ಶೋಧದ ಧ್ವನಿ-ದೃಶ್ಯ ಚಿತ್ರೀಕರಣವನ್ನೂ ಕಡ್ಡಾಯ ಮಾಡಿದೆ. ಪಂಚನಾಮೆಯಿಲ್ಲದೆ ಪೆಟ್ಟಿಗೆ ಹೊತ್ತೊಯ್ಯುವ ತನಿಖೆಗಿಂತ ಇದು ಸೇನೆಯ ಸಾಕ್ಷ್ಯಕ್ಕೂ ಕ್ಷೇಮ.

ದೌರ್ಬಲ್ಯ ಇರುವುದು ಬೇರೆ ಕಡೆ. ಶೋಧ ಅಕ್ರಮವಾಗಿದ್ದರೂ ಸಿಕ್ಕ ಸಾಕ್ಷ್ಯವನ್ನು ಸ್ವೀಕರಿಸಬಹುದೆಂದು ನಮ್ಮ ಸುಪ್ರೀಂ ಕೋರ್ಟಿನ ಪೂರನ್‌ಮಲ್ ತೀರ್ಪು ಹೇಳಿತು. ಅದು ಆತುಕೊಂಡದ್ದು 1954ರ ಎಂ.ಪಿ. ಶರ್ಮಾ ತೀರ್ಪಿಗೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿ, ಶರ್ಮಾ ತೀರ್ಪಿನಲ್ಲಿ ಅದಕ್ಕೆ ವಿರುದ್ಧವಿದ್ದ ಮಾತನ್ನು ರದ್ದುಮಾಡಿತು. ಆಧಾರವೇ ಅಲುಗಿದ ಮೇಲೆ ಪೂರನ್‌ಮಲ್ ತತ್ವವನ್ನು ಕೋರ್ಟ್ ಮಾರ್ಷಲ್‌ಗಳು ಕಣ್ಣುಮುಚ್ಚಿ ಅನುಸರಿಸಬಾರದು. ಮಾಜಿ ಸೈನಿಕನ ಮನೆಯಿಂದ ಪೊಲೀಸರಿಲ್ಲದೆ ತಂದ ವಸ್ತುವನ್ನು ಸಾಕ್ಷ್ಯವಾಗಿ ಒಪ್ಪಕೂಡದೆಂಬ ಒಂದು ಸಾಲನ್ನು 1954ರ ಸೇನಾ ನಿಯಮಗಳಿಗೆ ಸೇರಿಸಲು ಕೇಂದ್ರ ಸರ್ಕಾರಕ್ಕೆ ಅಡ್ಡಿಯೇನೂ ಕಾಣುವುದಿಲ್ಲ.