ನಿಮ್ಮ ಬಾಣಲೆಯಲ್ಲಿರುವುದು ಇಟಲಿಯ ಅಡುಗೆಯೇ?

ಜಿಮ್ ಮುಗಿಸಿ ಮನೆಗೆ ಬಂದಿದ್ದೀರಿ, ಗಂಟೆ ಎಂಟಾಗಿದೆ, ಹೊಟ್ಟೆ ಚುರುಗುಟ್ಟುತ್ತಿದೆ. ಒಂದು ಒಲೆಯ ಮೇಲೆ ಉಪ್ಪು ನೀರಿನಲ್ಲಿ ಪಾಸ್ತಾ ಬೇಯುತ್ತಿದೆ. ಇನ್ನೊಂದರ ಮೇಲೆ ತೆಳ್ಳಗೆ ಕೊಯ್ದ ಚಿಕನ್ ಬೆಳ್ಳುಳ್ಳಿಯೊಂದಿಗೆ ಕೆಂಪಾಗುತ್ತಿದೆ. ಇಪ್ಪತ್ತು ನಿಮಿಷದ ಕೆಲಸ. 100 ಗ್ರಾಂ ಒಣ ಪಾಸ್ತಾದಲ್ಲಿ ಸುಮಾರು 13 ಗ್ರಾಂ ಪ್ರೋಟೀನ್, 150 ಗ್ರಾಂ ಹಸಿ ಚಿಕನ್‌ನಲ್ಲಿ ಸುಮಾರು 33 ಗ್ರಾಂ. ಅಷ್ಟರಲ್ಲಿ ಅಮ್ಮನ ಫೋನು. "ಊಟಕ್ಕೇನೋ?" ಅಂದರೆ "ಇಟಾಲಿಯನ್ ಅಮ್ಮ" ಅನ್ನುತ್ತೀರಿ.

ಆ ಉತ್ತರವನ್ನು ಇಟಲಿಯವರು ಒಪ್ಪುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಪಾಸ್ತಾ ಮೊದಲು ಬರುತ್ತದೆ, ಮಾಂಸ ಆಮೇಲೆ, ಬೇರೆ ತಟ್ಟೆಯಲ್ಲಿ. ಆಲ್ಫ್ರೆಡೊ ಸಾಸ್ ಗೊತ್ತಲ್ಲ? ರೋಮ್‌ನ ಆಲ್ಫ್ರೆಡೊ ದಿ ಲೆಲಿಯೊ ಎಂಬ ಹೋಟೆಲಿನವರು ಮಾಡುತ್ತಿದ್ದದ್ದು ಬೆಣ್ಣೆ, ಪಾರ್ಮೆಸಾನ್ ಚೀಸ್, ಪಾಸ್ತಾ, ಇಷ್ಟೇ. 1920ರಲ್ಲಿ ಹಾಲಿವುಡ್ ತಾರೆಯರಾದ ಮೇರಿ ಪಿಕ್‌ಫೋರ್ಡ್ ಮತ್ತು ಡಗ್ಲಸ್ ಫೇರ್‌ಬ್ಯಾಂಕ್ಸ್ ಮಧುಚಂದ್ರಕ್ಕೆ ಹೋದಾಗ ಅಲ್ಲಿ ಉಂಡು ಮರುಳಾದರು, ಅದರ ಹೆಸರು ಅಮೆರಿಕಕ್ಕೆ ಬಂತು. ಕ್ರೀಮೂ ಚಿಕನ್ನೂ ಸೇರಿದ್ದು ಇಲ್ಲಿ.

ಸೇರಿಸುವ ಈ ಅಭ್ಯಾಸ ಎಲ್ಲಿಂದ ಬಂತು? 1880ರಿಂದ 1920ರ ನಡುವೆ 40 ಲಕ್ಷಕ್ಕೂ ಹೆಚ್ಚು ಇಟಲಿಯವರು ಅಮೆರಿಕಕ್ಕೆ ಬಂದರು. ಹೆಚ್ಚಿನವರು ಸಿಸಿಲಿ, ಕಲಾಬ್ರಿಯಾದಂಥ ದಕ್ಷಿಣದ ಬಡ ಊರುಗಳವರು. ಊರಲ್ಲಿ ಅವರಿಗೆ ಮಾಂಸ ಅಂದರೆ ಹಬ್ಬ. ಇಲ್ಲಿ ಕೂಲಿಯ ದುಡ್ಡಿಗೇ ಮಾಂಸ ಸಿಕ್ಕಿತು, ಪಾಸ್ತಾದ ಮೇಲೆ ಧಾರಾಳವಾಗಿ ಬಿತ್ತು. ರಜೆಗೆ ಹೋದಾಗ ನಿಮ್ಮ ಕನ್ನಡ ಕೇಳಿ ದೊಡ್ಡಪ್ಪನ ಮಕ್ಕಳು ನಗುತ್ತಾರಲ್ಲ, ಹಾಗೆಯೇ ಈ ಅಡುಗೆ ನೋಡಿ ಇಟಲಿಯವರು ಇಂದಿಗೂ ನಗುತ್ತಾರೆ.

ಆದರೆ ಆ ಕಾಲದಲ್ಲಿ ಅಗ್ಗವಾಗಿದ್ದದ್ದು ದನದ ಮಾಂಸ, ಕೋಳಿಯಲ್ಲ. ಕೋಳಿ ಸಾಕುತ್ತಿದ್ದದ್ದೇ ಮೊಟ್ಟೆಗೆ. ಅದನ್ನು ಬದಲಿಸಿದ್ದು ಒಂದು ತಪ್ಪು ಪಾರ್ಸೆಲ್! 1923ರಲ್ಲಿ ಡೆಲವೇರ್‌ನ ಸೆಸಿಲ್ ಸ್ಟೀಲ್ ಎಂಬ ರೈತಮಹಿಳೆ 50 ಮರಿ ತರಿಸಿದರೆ 500 ಬಂದವು. ಆಕೆ ಹಿಂದಿರುಗಿಸಲಿಲ್ಲ. ಸಾಕಿ, ಬದುಕುಳಿದವನ್ನು ಮಾಂಸಕ್ಕೆ ಪೌಂಡಿಗೆ 62 ಸೆಂಟಿನಂತೆ ಮಾರಿದರು. ಮೂರು ವರ್ಷದಲ್ಲಿ 10,000 ಕೋಳಿ ಹಿಡಿಯುವ ಕೊಟ್ಟಿಗೆ ಕಟ್ಟಿಸಿದರು, ನೆರೆಯವರೂ ಅದೇ ದಾರಿ ಹಿಡಿದರು. ಎರಡನೇ ಮಹಾಯುದ್ಧದ ನಂತರ ಕೋಳಿ ದಿನದ ಊಟವಾಯಿತು. (ಕೊಟ್ಟಿಗೆಯೊಳಗಿನ ಕೋಳಿಗಳ ಪಾಡು ಬೇರೆಯೇ ಕಥೆ, ಇನ್ನೊಂದು ದಿನ ಹೇಳುತ್ತೇನೆ.)

ಆ ಮರಿಗಳು ಬಂದ ಮರುವರ್ಷ, 1924ರಲ್ಲಿ, ಅಮೆರಿಕ ವಲಸೆಗೆ ಬೀಗ ಜಡಿಯಿತು. ಇಟಲಿಗೆ ವರ್ಷಕ್ಕೆ 4,000ಕ್ಕೂ ಕಡಿಮೆ ಜನರ ಮಿತಿ. ಬಂದವರು ಬಂದರು, ಅವರ ಹಿಂದೆ ಊರಿನಿಂದ ಬರುವವರು ನಿಂತರು. ಅಡುಗೆ ಇಲ್ಲೇ ತನ್ನ ಪಾಡಿಗೆ ಬೆಳೆಯಿತು. ಭಾರತೀಯರಿಗಂತೂ 1917ರಿಂದಲೇ ಬಾಗಿಲು ಮುಚ್ಚಿತ್ತು. ಮೂಲ ದೇಶ ನೋಡಿ ಹಂಚುತ್ತಿದ್ದ ಆ ಹಳೆಯ ಕೋಟಾ ಪದ್ಧತಿಯನ್ನು ತೆಗೆದದ್ದು 1965ರ ಕಾನೂನು. ನಿಮ್ಮ ಅಪ್ಪ-ಅಮ್ಮನೋ ಅಜ್ಜ-ತಾತನೋ ಸೂಟ್‌ಕೇಸಿನಲ್ಲಿ ಸಾರಿನ ಪುಡಿ ಕಟ್ಟಿಕೊಂಡು ಬಂದದ್ದು ಆ ಬಾಗಿಲಿನಿಂದಲೇ.

ಸರಿ, ಪಾಸ್ತಾ ಬೆಂದಿರಬೇಕು. ಬಸಿಯುವ ಮುಂಚೆ ಒಂದು ಲೋಟ ನೀರು ತೆಗೆದಿಡಿ. ಅನ್ನದ ಗಂಜಿಯನ್ನು ನಮ್ಮಜ್ಜಿ ಚೆಲ್ಲುತ್ತಿರಲಿಲ್ಲ, ಇದನ್ನೂ ಚೆಲ್ಲಬೇಡಿ. ಚಿಕನ್ ಇರುವ ಬಾಣಲೆಗೆ ಸ್ವಲ್ಪಸ್ವಲ್ಪ ಹಾಕಿ, ಚೀಸ್ ಉದುರಿಸಿ ಕಲಸಿದರೆ ಕ್ರೀಮಿಲ್ಲದೆಯೂ ಸಾಸ್ ಗಟ್ಟಿಯಾಗುತ್ತದೆ. ಇದೊಂದನ್ನು ಮಾತ್ರ ಇಟಲಿಯವರೂ ಒಪ್ಪುತ್ತಾರೆ.