ವಿದುರಾಶ್ವತ್ಥದ ಗೋಲಿಬಾರ್ ಮತ್ತು ಕಾನೂನಿನ ರಕ್ಷೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಸ್ವಾತಂತ್ರ್ಯ ಚಳವಳಿಯನ್ನು ಕುರಿತು ಬರೆಯುವವರು ವಿದುರಾಶ್ವತ್ಥವನ್ನು ಬಿಟ್ಟು ಮುಂದೆ ಸಾಗಲಾರರು. ಗೌರಿಬಿದನೂರು ತಾಲ್ಲೂಕಿನ ಈ ಕ್ಷೇತ್ರ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತಾದರೂ 1938ರಲ್ಲಿ ಅಖಂಡ ಕೋಲಾರ ಜಿಲ್ಲೆಯ ಭಾಗವಾಗಿತ್ತು. ಅಲ್ಲಿನ ಗೋಲಿಬಾರನ್ನು ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಕರೆಯುವುದು ರೂಢಿ. ಸಾವಿನ ಸಂಖ್ಯೆಯಲ್ಲಿ ಈ ಹೋಲಿಕೆ ನಿಲ್ಲುವಂಥದ್ದಲ್ಲ. ಗುಂಡು ಹಾರಿಸಿದವರಿಗೆ ದೊರೆತ ಕಾನೂನಿನ ಆಸರೆಯ ದೃಷ್ಟಿಯಿಂದ ಮಾತ್ರ ಅದು ಹೆಚ್ಚು ಅರ್ಥಪೂರ್ಣವಾಗಿದೆ.

ಅಮೃತಸರದಲ್ಲಿ 1919ರ ಏಪ್ರಿಲ್ 13ರಂದು ಗುಂಡು ಹಾರಿಸಿದ್ದು ಸೈನ್ಯ. ಹಂಟರ್ ಸಮಿತಿ ನೇಮಕಗೊಳ್ಳುವ ಮೊದಲೇ, ಸೆಪ್ಟೆಂಬರಿನಲ್ಲಿ, ವಸಾಹತು ಸರ್ಕಾರ ಇಂಡೆಮ್ನಿಟಿ ಕಾಯ್ದೆಯೊಂದನ್ನು ಅಂಗೀಕರಿಸಿ, ಶಾಂತಿಪಾಲನೆಗಾಗಿ ಸದುದ್ದೇಶದಿಂದ ವರ್ತಿಸಿದ ಅಧಿಕಾರಿಗಳನ್ನು ದಾವೆಗಳಿಂದ ಮುಕ್ತಗೊಳಿಸಿತು. ವಿಚಾರಣೆಗಿಂತ ಮೊದಲು ವಿಮೋಚನೆ! ಮೈಸೂರು ಸಂಸ್ಥಾನಕ್ಕೆ ಅಂಥ ಹೊಸ ಕಾಯ್ದೆಯ ಅಗತ್ಯ ಬೀಳಲಿಲ್ಲ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಮುಂದಾಳತ್ವದಲ್ಲಿ ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಲಾಯಿತು. ಅದರ ಬೆನ್ನಲ್ಲೇ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಸತ್ಯಾಗ್ರಹಕ್ಕೆ ನೆರೆದಿದ್ದ ನಿರಾಯುಧ ಜನರ ಮೇಲೆ ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಒಪ್ಪಿಕೊಂಡ ಸಾವುಗಳು ಹತ್ತರ ಆಸುಪಾಸಿನವು. ಚಳವಳಿಯ ಕಡೆಯ ಲೆಕ್ಕ 30ನ್ನು ಮೀರುತ್ತದೆ. ನಾಗರಕಲ್ಲುಗಳಿಗೂ ಸಂತಾನದ ಹರಕೆಗೂ ಹೆಸರಾದ ಅಶ್ವತ್ಥದ ನೆಲದಲ್ಲಿ ಹೆಣಗಳು ಬಿದ್ದವೆಂಬ ಸಂಗತಿ ಜನಮನಸ್ಸನ್ನು ಎಷ್ಟು ಕಲಕಿರಬಹುದೆಂಬುದನ್ನು ಕಡತಗಳಿಂದ ಅಳೆಯುವುದು ಕಷ್ಟ.

ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ ಮದರಾಸು ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಸರ್ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಸಮಿತಿ ಗೋಲಿಬಾರನ್ನು ಸಮರ್ಥಿಸಿತು. ಇಂಥ ಅಭಿಪ್ರಾಯಗಳ ತರ್ಕವನ್ನು ಬಿಡಿಸಿ ನೋಡಬೇಕು. ನಿಷೇಧಾಜ್ಞೆ ಇದೆ, ಆದ್ದರಿಂದ ಕೂಟ ಅಕ್ರಮ, ಚದುರಲಿಲ್ಲ, ಆದ್ದರಿಂದ ಬಲಪ್ರಯೋಗ ಸಕ್ರಮ. ಪ್ರಶ್ನೆ ಆರಂಭವಾಗುವುದೇ ಆಜ್ಞೆಯ ನಂತರದ ಕ್ಷಣದಿಂದ. ಬಾವುಟ ಹಿಡಿಯುವುದನ್ನು ಅಪರಾಧವಾಗಿಸಿದ ಆಜ್ಞೆ ನ್ಯಾಯವೇ ಎಂಬುದು ಆ ಚೌಕಟ್ಟಿನ ಹೊರಗೇ ಉಳಿಯುತ್ತದೆ.

ಆ ಹೊರಗುಳಿದ ಪ್ರಶ್ನೆಗೆ ಸರ್ಕಾರವೇ ಬೇರೊಂದು ಕಡೆ ಉತ್ತರವಿತ್ತಿತು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ನಡೆಸಿದ ಮಾತುಕತೆಯ ಫಲವಾಗಿ ಮೇ ತಿಂಗಳಲ್ಲಿ ಮಿರ್ಜಾ–ಪಟೇಲ್ ಒಪ್ಪಂದವಾಯಿತು. ಸಂಸ್ಥಾನದ ಧ್ವಜದೊಂದಿಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದಾಯಿತು. ಏಪ್ರಿಲ್‌ನಲ್ಲಿ ಪ್ರಾಣ ತೆತ್ತ ಕೃತ್ಯ ಮೇ ತಿಂಗಳಲ್ಲಿ ಸಕ್ರಮವಾಯಿತು. ಗುಂಡು ಹಾರಿಸಿದ್ದೂ ಸಕ್ರಮವೆಂದೇ ದಾಖಲೆಯಲ್ಲಿ ಉಳಿಯಿತು.

ಕನ್ನಡ ತೆಲುಗು ಎರಡನ್ನೂ ಆಡುವ ಈ ಗಡಿಸೀಮೆಯಲ್ಲಿ ಮೌಖಿಕ ಆಕರಗಳಿಗೆ ಕೊರತೆಯಿಲ್ಲ. ಆದರೆ ಬಾಯಿಮಾತು ಹೇಳಿಕೆಯಾಗಿ, ಹೇಳಿಕೆ ಸಾಕ್ಷ್ಯವಾಗಿ, ಸಾಕ್ಷ್ಯ ವರದಿಯಾಗುವ ಹಾದಿಯಲ್ಲಿ ಸತ್ತವರ ಹೆಸರು ಸಂಖ್ಯೆಯಾಗಿ ಕುಗ್ಗುತ್ತದೆ. ಸ್ಮಾರಕಕ್ಕೆ ಜನ ಹೆಸರುಗಳನ್ನೇ ಬಯಸುವುದಕ್ಕೆ ಇದೂ ಒಂದು ಕಾರಣವೆನ್ನಬೇಕು. ಪುರಾತನ ಅಶ್ವತ್ಥ ವೃಕ್ಷ 2001ರಲ್ಲಿ ನೆಲಕ್ಕುರುಳಿತು. ಅಕ್ರಮ ಕೂಟವನ್ನು ಸದ್ಭಾವನೆಯಿಂದ ಚದುರಿಸಿದ ಅಧಿಕಾರಿಯ ಮೇಲೆ ಸರ್ಕಾರದ ಅನುಮತಿಯಿಲ್ಲದೆ ಮೊಕದ್ದಮೆ ಹೂಡಬಾರದೆಂಬ ನಿಯಮ 1898ರ ದಂಡ ಪ್ರಕ್ರಿಯಾ ಸಂಹಿತೆಯಿಂದ 1973ರ ಸಂಹಿತೆಗೆ 132ನೇ ಕಲಮಾಗಿಯೇ ದಾಟಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 151ನೇ ಕಲಮಾಗಿ ಮುಂದುವರಿದಿದೆ.