ಅಂಗೈ ಕಂಪ್ಯೂಟರಿಗೆ ಸಿಕ್ಕಿಸುವ ಜಿಪಿಎಸ್

ದಾರಿ ತೋರಿಸುವ ಇಂದಿನ ಫೋನಿಗೆ ಹಳೆಯ ಮೊಬೈಲಿಗಿಂತ ಹತ್ತಿರದ ಪೂರ್ವಜ ಈ ಜೋಡಿ: ಅಂಗೈ ಕಂಪ್ಯೂಟರ್ ಮತ್ತು ಅದರ ಕಾಂಪ್ಯಾಕ್ಟ್ ಫ್ಲ್ಯಾಶ್ ಸ್ಲಾಟಿಗೆ ಸಿಕ್ಕಿಸುವ ರಿಸೀವರ್. ನಾಗರಿಕ ಬಳಕೆಯ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ 2000ರ ಮೇ ತಿಂಗಳಲ್ಲಿ ನಿಲ್ಲಿಸಿತು. 100 ಮೀಟರಿನವರೆಗೂ ತಪ್ಪುತ್ತಿದ್ದ ಲೆಕ್ಕ 10–20 ಮೀಟರಿಗೆ ಇಳಿದ ಮೇಲೆಯೇ ‘ಯಾವ ಬೀದಿಯಲ್ಲಿದ್ದೇನೆ’ ಎಂದು ಕೇಳುವುದರಲ್ಲಿ ಅರ್ಥ ಬಂದದ್ದು.

ಕೈಯಲ್ಲಿ ಹಿಡಿಯುವ ಜಿಪಿಎಸ್ ಅದಕ್ಕೂ ಮೊದಲೇ ಇತ್ತಲ್ಲ ಎನ್ನಬಹುದು. ಇತ್ತು, ಮೆಜೆಲನ್ ಕಂಪನಿಯ ನ್ಯಾವ್ 1000 ಬಂದದ್ದು 1989ರಲ್ಲಿ. ಆದರೆ ಅಂಥ ಉಪಕರಣ ತಯಾರಕರು ತುಂಬಿಕೊಟ್ಟ ಕೆಲಸವನ್ನಷ್ಟೇ ಮಾಡುತ್ತಿತ್ತು. ಸಿಕ್ಕಿಸುವ ರಿಸೀವರ್ ನಕ್ಷೆಯ ಗೋಜಿಗೇ ಹೋಗದು. ಡಾಲರ್ ಚಿಹ್ನೆಯಿಂದ ಶುರುವಾಗಿ ಸಮಯ, ಅಕ್ಷಾಂಶ, ರೇಖಾಂಶ, ಬಳಸಿದ ಉಪಗ್ರಹಗಳ ಸಂಖ್ಯೆಯನ್ನು ಅಲ್ಪವಿರಾಮ ಹಾಕಿ ಹೇಳುವ ಒಂದು ಸಾಲನ್ನು ಸೆಕೆಂಡಿಗೊಮ್ಮೆ ಕಳಿಸುತ್ತದೆ, ಅಷ್ಟೇ. ಹಡಗಿನ ಉಪಕರಣಗಳಿಗೆಂದು ರೂಪಿಸಿದ ಈ ಎನ್‌ಎಂಇಎ 0183 ನಮೂನೆಯನ್ನು ಯಾವ ತಂತ್ರಾಂಶವಾದರೂ ಓದಬಹುದಿತ್ತು. ಬೆಳಿಗ್ಗೆ ಬೀದಿ ನಕ್ಷೆ, ಸಂಜೆ ಮರಗಳ ಗಣತಿ. ಬ್ಯಾಟರಿ ಬೇಗ ಖಾಲಿಯಾಗುತ್ತಿತ್ತು, ನಿಜ. ಉಪಗ್ರಹಗಳ ಕಕ್ಷೆಯ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಆಕಾಶದಿಂದಲೇ ಇಳಿಸಿಕೊಳ್ಳಬೇಕಿದ್ದರಿಂದ, ಮೊದಲ ಬಾರಿ ಸ್ಥಾನ ಸಿಗಲು ಬಯಲಿನಲ್ಲಿ ನಿಮಿಷಗಟ್ಟಲೆ ನಿಲ್ಲಬೇಕಿತ್ತು. ಇವು ಬಿಡಿಭಾಗಗಳ ದೌರ್ಬಲ್ಯ, ಕಲ್ಪನೆಯದಲ್ಲ: ಫೋನಿನಲ್ಲಿ ಆ ತೊಡಕುಗಳು ಬಹುಮಟ್ಟಿಗೆ ಕಳಚಿಕೊಂಡವು, ಸ್ಥಾನವನ್ನು ಯಾವ ಆ್ಯಪ್ ಬೇಕಾದರೂ ಕೇಳಿ ಪಡೆಯುವ ಏರ್ಪಾಡು ಉಳಿಯಿತು.